‘ಸುಮ್ನೆ ಬರೆದುಬಿಡು’ ಅಂದಾಗ ನರ್ಸಿಂಗ್ ವಿದ್ಯಾರ್ಥಿನಿ ಏನು ಮಾಡಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಎಸ್ಸಿ ನರ್ಸಿಂಗ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಹಾವೇರಿ ಜಿಲ್ಲೆ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಈಗ ಮಕ್ಕಳ ವಾರ್ಡಿನಲ್ಲಿ ಪೋಸ್ಟಿಂಗ್ ಇದೆ. ನಮ್ಮ ಬ್ಯಾಚಿನಲ್ಲಿ ತುಂಬಾ ಜನ ವೈಟಲ್ಸ್ (ಉಸಿರು, ನಾಡಿ, ಬಿಪಿ, ಟೆಂಪರೇಚರ್) ನೋಡದೆಯೇ ಚಾರ್ಟ್ ತುಂಬುತ್ತಾರೆ. ಹಿಂದಿನ ಶಿಫ್ಟಿನ ಅಂಕಿಗೆ ಒಂದೆರಡು ಹೆಚ್ಚುಕಡಿಮೆ ಮಾಡಿ ಬರೆಯುತ್ತಾರೆ. ಕೇಸ್ ಸ್ಟಡಿ, ಕೇರ್ ಪ್ಲಾನ್ ಎಲ್ಲ ಸೀನಿಯರ್‌ಗಳ ಹಳೇ ರೆಕಾರ್ಡಿನಿಂದ ಇಳಿಸುತ್ತಾರೆ, ಈಗೀಗ ಚಾಟ್‌ಜಿಪಿಟಿಯಿಂದ. ನಾನೂ ಎರಡು ಕೇಸ್ ಸ್ಟಡಿ ಹಾಗೆಯೇ ಬರೆದಿದ್ದೇನೆ. ಮೊನ್ನೆ ಒಂದು ಮಗುವಿನ ಉಸಿರು ಎಣಿಸುತ್ತಾ ನಿಂತಿದ್ದಾಗ ಅಲ್ಲಿನ ಸಿಸ್ಟರೇ ‘ಅಷ್ಟೊತ್ತು ಯಾಕೆ, ಸುಮ್ನೆ ಬರೆದುಬಿಡು’ ಅಂದರು. ಮುಂದಿನ ಸೆಮಿಸ್ಟರಿಗೆ ಹೆರಿಗೆ ವಾರ್ಡ್. ಅಲ್ಲಿ ಮಾಡಿಸದ ಹೆರಿಗೆಯನ್ನೂ ಮಾಡಿಸಿದೆ ಅಂತ ಬರೆಯಲೇಬೇಕಾಗುತ್ತೆ ಅಂತ ಸೀನಿಯರ್‌ಗಳು ಹೇಳುತ್ತಾರೆ. ನಾನೊಬ್ಬಳು ಬೇಡ ಅಂದರೆ ಇಂಟರ್ನಲ್ ಮಾರ್ಕ್ಸ್ ಹೋಗುತ್ತಾ? ಕೆಲಸಕ್ಕೆ ಸೇರಿದ ಮೇಲೆ ಸರಿಯಾಗಿ ಕಲಿತರೆ ಸಾಲದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಸಾಲದು. ಕೆಲಸಕ್ಕೆ ಸೇರಿದ ಮೇಲೆ ಕೈ ಹಿಡಿದು ಕಲಿಸುವವರು ಬಹಳ ಕಡೆ ಇರುವುದಿಲ್ಲ. ರಾತ್ರಿ ಪಾಳಿಗೆ ಇಡೀ ವಾರ್ಡು ಒಪ್ಪಿಸಿ, ‘ನೋಡ್ಕೊಳ್ಳಿ ಸಿಸ್ಟರ್’ ಅಂತ ಹೊರಟುಬಿಡುತ್ತಾರೆ. ಆ ಹೊತ್ತಿನಲ್ಲಿ ಕೈ ಯಾವುದಕ್ಕೆ ಪಳಗಿದೆಯೋ ಅದನ್ನೇ ಮಾಡುತ್ತದೆ. ನಾಲ್ಕು ವರ್ಷ ನೋಡದೆ ಬರೆದ ಕೈ ಅಂದೂ ನೋಡದೆ ಬರೆಯುತ್ತದೆ. ನೋಡದೆ ಬರೆಯುವುದೂ ಒಂದು ಅಭ್ಯಾಸ, ಅದೂ ಬೇಗ ಕೂರುತ್ತದೆ. ನೀವು ಅದನ್ನು ಒಪ್ಪದೆ ಒದ್ದಾಡುತ್ತಿದ್ದೀರಿ. ನಿಮ್ಮ ಪತ್ರ ಓದಿ ನನಗೆ ಸಮಾಧಾನ ಆದದ್ದು ಅದಕ್ಕೇ.

ನೀವು ಈಗ ಮಕ್ಕಳ ವಾರ್ಡಿನಲ್ಲಿದ್ದೀರಿ. ಹಾಗಾಗಿ ಉಸಿರಿನ ಎಣಿಕೆಯನ್ನೇ ತೆಗೆದುಕೊಳ್ಳೋಣ. ಕೆಮ್ಮು ಇರುವ ಮಗುವಿಗೆ ನ್ಯುಮೋನಿಯಾ ಇದೆಯೇ ಅಂತ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಮೊದಲ ದಾರಿ ಎಕ್ಸ್‌ರೇ ಅಲ್ಲ, ರಕ್ತ ಪರೀಕ್ಷೆಯೂ ಅಲ್ಲ. ಒಂದು ಪೂರ್ತಿ ನಿಮಿಷ ಉಸಿರು ಎಣಿಸುವುದು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಇದನ್ನು ನೀವು ಐ.ಎಂ.ಎನ್.ಸಿ.ಐ., ಅಂದರೆ ಸಣ್ಣ ಮಕ್ಕಳ ಕಾಯಿಲೆ ಗುರುತಿಸಿ ನೋಡಿಕೊಳ್ಳುವ ಪದ್ಧತಿಯ ಪಾಠದಲ್ಲಿ ಓದಿಯೇ ಇರುತ್ತೀರಿ. ಪರೀಕ್ಷೆಯಲ್ಲಿ ಕೇಳಿದರೆ ನಿಮ್ಮ ಬ್ಯಾಚಿನ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಅದೇ ವಿದ್ಯಾರ್ಥಿಗಳು ವಾರ್ಡಿಗೆ ಬಂದು ಎಣಿಸದೆ 30 ಅಂತ ಬರೆಯುತ್ತಾರೆ.

ಪೂರ್ತಿ ನಿಮಿಷವೇ ಯಾಕೆ? ಸಣ್ಣ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಒಮ್ಮೆ ಬೇಗ ಬೇಗ ಹೋಗುತ್ತದೆ, ಒಮ್ಮೆ ನಿಧಾನ ಆಗುತ್ತದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. 48 ಇದ್ದದ್ದು 52 ಆಗಬಹುದು, 52 ಇದ್ದದ್ದು 48 ಆಗಬಹುದು. ಗಡಿ ಇರುವುದೇ 50ರಲ್ಲಿ. ಅಳುವಾಗ, ಹಾಲು ಕುಡಿಯುವಾಗ ಎಣಿಸಬಾರದು. ಮಗು ಸುಮ್ಮನಾಗುವ ತನಕ ಕಾಯಬೇಕು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ನಿಮ್ಮ ಸಿಸ್ಟರಿಗೆ ಜಾಸ್ತಿ ಅನ್ನಿಸಿದ್ದು ಅದೇ ಸಮಯ.

ಈಗ ಎಂಟು ತಿಂಗಳ ಮಗುವೊಂದು ಕೆಮ್ಮು ಅಂತ ಅಡ್ಮಿಟ್ ಆಗಿದೆ ಅಂದುಕೊಳ್ಳಿ. ಬಂದಾಗ ಉಸಿರು 38 ಇತ್ತು. ಮಧ್ಯಾಹ್ನದ ಶಿಫ್ಟಿನ ವಿದ್ಯಾರ್ಥಿನಿ ನೋಡದೆ 36 ಬರೆದಳು. ಸಂಜೆಯವಳು ಅದನ್ನು ನೋಡಿ 38 ಬರೆದಳು. ರಾತ್ರಿ 36. ಮಗುವಿನ ನಿಜವಾದ ಉಸಿರು ಅಷ್ಟರಲ್ಲಿ 56 ದಾಟಿದೆ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ ಕಣ್ಣಿಗೆ ಮೂರು ಶಿಫ್ಟ್ ಏರಿಳಿತ ಇಲ್ಲದ ಚಾರ್ಟ್ ಕಾಣುತ್ತದೆ. ಅವರು ಪಕ್ಕದ ಬೆಡ್ಡಿಗೆ ಹೋಗುತ್ತಾರೆ. ಇಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರೂ ಒಂದು ನಿಮಿಷ ಉಳಿಸಿಕೊಂಡರು, ಅಷ್ಟೇ. ಆದರೆ ಒಬ್ಬಳು ಬರೆದ ಸುಳ್ಳು ಮುಂದಿನವಳಿಗೆ ಆಧಾರ ಆಯಿತು, ಅವಳದ್ದು ಡಾಕ್ಟರಿಗೆ ಆಧಾರ ಆಯಿತು. ಪರೀಕ್ಷೆಯಲ್ಲಿ ಚೀಟಿ ಇಟ್ಟರೆ ಮುಖ್ಯವಾಗಿ ನಿಮ್ಮ ಮಾರ್ಕ್ಸಿನ ವಿಷಯ. ವಾರ್ಡಿನ ಚಾರ್ಟಿನಲ್ಲಿ ನೋಡದ ಅಂಕಿ ಬರೆದರೆ ಅದು ಇನ್ನೊಬ್ಬರ ಮೈಯ ವಿಷಯ.

ದೊಡ್ಡವರ ವಾರ್ಡಿನಲ್ಲೂ ಇದೇ ಕಥೆ. ಕಳೆದ ವರ್ಷದ ಮೆಡಿಕಲ್ ವಾರ್ಡ್ ಪೋಸ್ಟಿಂಗ್ ನೆನಪು ಮಾಡಿಕೊಳ್ಳಿ. ಟಿಪಿಆರ್ (ಟೆಂಪರೇಚರ್, ನಾಡಿ, ಉಸಿರು) ಚಾರ್ಟಿನಲ್ಲಿ ಉಸಿರಿನ ಸಾಲಿನಲ್ಲಿ ಒಂದನೇ ಬೆಡ್ಡಿನಿಂದ ಕೊನೆಯ ಬೆಡ್ಡಿನವರೆಗೆ 20, 20, 20 ಅಂತಲೇ ಇರುತ್ತಿತ್ತು, ಅಲ್ವಾ? ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2012ರಿಂದ ನ್ಯೂಸ್ ಎಂಬ ಎಚ್ಚರಿಕೆ ಅಂಕದ ಪದ್ಧತಿ ಬಂದಿದೆ, 2017ರಲ್ಲಿ ಅದನ್ನು ಪರಿಷ್ಕರಿಸಿದರು. ಅದರಲ್ಲಿ ಉಸಿರು 12ರಿಂದ 20ರೊಳಗಿದ್ದರೆ ಸೊನ್ನೆ ಅಂಕ, 21ರಿಂದ 24 ಇದ್ದರೆ 2, 25 ಮುಟ್ಟಿದರೆ 3. ಆ ಒಂದೇ ಅಂಕಿಯಿಂದ 3 ಬಂದರೂ ರೋಗಿಯನ್ನು ಬೇಗ ನೋಡಿಸಬೇಕು ಅನ್ನುವುದು ಲೆಕ್ಕ. ರೋಗಿಯ ಸ್ಥಿತಿ ಕೆಡುವಾಗ ಮೊದಮೊದಲು ಬದಲಾಗುವ ಲಕ್ಷಣಗಳಲ್ಲಿ ಉಸಿರಿನ ವೇಗವೂ ಒಂದು. ನಾವು ಕಣ್ಣು ಮುಚ್ಚಿ ತುಂಬುವುದೂ ಅದನ್ನೇ. ಬಿಪಿಗೆ ಮೆಷೀನ್ ಇದೆ, ಟೆಂಪರೇಚರಿಗೆ ಥರ್ಮಾಮೀಟರ್ ಇದೆ. ಉಸಿರು ಎಣಿಸಲು ನರ್ಸ್ ಪಕ್ಕದಲ್ಲಿ ನಿಲ್ಲಬೇಕು. ನಿಲ್ಲುವುದನ್ನು ಬಿಟ್ಟಾಗ ಈ ಲಕ್ಷಣವೂ ಕೈ ತಪ್ಪುತ್ತದೆ.

ತರಗತಿಯ ಮೋಸಕ್ಕೂ ವಾರ್ಡಿನ ಮೋಸಕ್ಕೂ ಸಂಬಂಧ ಇದೆಯೇ? ಅಮೆರಿಕದಲ್ಲಿ ಗೇಲ್ ಹಿಲ್ಬರ್ಟ್ ಎಂಬ ಸಂಶೋಧಕಿ 1985ರಲ್ಲೇ ನರ್ಸಿಂಗ್ ವಿದ್ಯಾರ್ಥಿಗಳನ್ನು ಕೇಳಿ ಇದನ್ನು ಬರೆದಿದ್ದಾರೆ. ತರಗತಿಯಲ್ಲಿ ಮೋಸ ಮಾಡಿದ್ದೇವೆ ಅಂದವರಲ್ಲೇ ವಾರ್ಡಿನಲ್ಲೂ ಸುಳ್ಳು ಬರೆದೆವು, ತಪ್ಪು ಮುಚ್ಚಿಟ್ಟೆವು ಅನ್ನುವವರು ಹೆಚ್ಚು ಕಂಡುಬಂದರು. ಆಮೇಲಿನ ಅಧ್ಯಯನಗಳಲ್ಲೂ ಈ ನಂಟು ಕಾಣಿಸಿದೆ. ಒಂದು ಇನ್ನೊಂದಕ್ಕೆ ಕಾರಣ ಅಂತ ಇದರಿಂದ ಹೇಳಲಾಗದು. ಆದರೆ ‘ಪರೀಕ್ಷೆಯಲ್ಲಿ ಮಾತ್ರ ಹಾಗೆ, ರೋಗಿಯ ವಿಷಯದಲ್ಲಿ ನಾನು ಹಾಗಲ್ಲ’ ಅನ್ನುವ ಸಮಾಧಾನ ನಂಬುವಂಥದ್ದಲ್ಲ.

ಪರೀಕ್ಷೆಯಲ್ಲೇ ಒಂದು ಉದಾಹರಣೆ ನೋಡಿ. ಡೋಸ್ ಲೆಕ್ಕದ ಪ್ರಶ್ನೆಯನ್ನು ಪಕ್ಕದವಳಿಂದ ನೋಡಿ ಬರೆದರೆ ಮಾರ್ಕ್ಸ್ ಸಿಗುತ್ತದೆ, ಲೆಕ್ಕ ಬರುವುದಿಲ್ಲ. ನಮ್ಮಲ್ಲಿ ಇನ್ಸುಲಿನ್ ಒಂದು ಮಿಲಿಗೆ 40 ಯೂನಿಟ್ ಇರುವುದೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿ, ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ರಾತ್ರಿ ಎರಡು ಗಂಟೆಗೆ ಪಕ್ಕದವಳು ಇರುವುದಿಲ್ಲ.

‘ಕೊನೆಗೆ ಲೈಸೆನ್ಸ್ ಪರೀಕ್ಷೆ ಪಾಸಾದರೆ ಆಯ್ತಲ್ಲ’ ಅಂತ ವಿದೇಶಕ್ಕೆ ಹೋಗುವ ಆಸೆ ಇರುವ ಮಕ್ಕಳು ಹೇಳುತ್ತಾರೆ. 2023ರ ಜನವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ‘ಆಪರೇಷನ್ ನೈಟಿಂಗೇಲ್’ ಎಂಬ ತನಿಖೆ ಬಯಲಿಗೆ ಬಂತು. ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮತ್ತು ಅಂಕಪಟ್ಟಿ ಮಾರಿದ್ದರು. ವಾರ್ಡ್ ತರಬೇತಿಯೇ ಇಲ್ಲದೆ ಅವನ್ನು ಕೊಂಡವರಲ್ಲಿ ಸುಮಾರು 2,400 ಜನ ಎನ್‌ಕ್ಲೆಕ್ಸ್ ಎಂಬ ಅಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸಾಗಿದ್ದರು. ಗೈಡ್ ಓದಿ, ಕೋಚಿಂಗ್ ತಗೊಂಡು ಪರೀಕ್ಷೆ ದಾಟಬಹುದು ಅಂತ ಇದರಿಂದಲೇ ಗೊತ್ತಾಗುತ್ತದೆ. ಹಾಗೆ ದಾಟಿದವರ ಲೈಸೆನ್ಸನ್ನು ಆಮೇಲೆ ಒಂದೊಂದೇ ರಾಜ್ಯ ಹುಡುಕಿ ರದ್ದು ಮಾಡುತ್ತಾ ಹೋಯಿತು. ಅದೇ ವರ್ಷ ಬ್ರಿಟನ್ನಿನ ನರ್ಸಿಂಗ್ ಮಂಡಳಿ, ನೈಜೀರಿಯಾದ ಇಬಾಡನ್ ನಗರದ ಒಂದು ಕೇಂದ್ರದಲ್ಲಿ ಕಂಪ್ಯೂಟರ್ ಪರೀಕ್ಷೆ ಬರೆದವರ ಫಲಿತಾಂಶ ಅನುಮಾನಾಸ್ಪದ ಎಂದು ಪ್ರಕಟಿಸಿತು. ಪರೀಕ್ಷೆಯನ್ನು ಅಸಹಜ ಅನ್ನುವಷ್ಟು ಬೇಗ ಮುಗಿಸಿದ್ದೇ ಸುಳಿವು. ಅಲ್ಲಿ ಪ್ರಾಮಾಣಿಕವಾಗಿ ಬರೆದಿದ್ದವರೂ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ನನಗೆ ಹೆಚ್ಚು ನೋವಾಗುವುದು ಅವರ ಬಗ್ಗೆ.

ಈಗ ಕಾರಣಗಳ ವಿಷಯ. ಇದನ್ನು ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ವಿದ್ಯಾರ್ಥಿಗಳನ್ನು ಮಾತ್ರ ಬೈದು ಕೂರುವ ಹಿರಿಯರನ್ನು ನೋಡಿ ನನಗೆ ಬೇಸರ ಬಂದಿದೆ.

ಮೊದಲನೆಯದು ಭಾಷೆ. ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳ, ಬಂಗಾಳ, ಈಶಾನ್ಯ ರಾಜ್ಯಗಳ ಮಕ್ಕಳು ತುಂಬಾ ಇದ್ದಾರೆ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿರುವ ಮಾಗಡಿಯ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಮಣಿಪುರದ ಹುಡುಗಿಗೆ ಕನ್ನಡ ಬಾರದು. ‘ನೋವು ಯಾವಾಗ ಶುರುವಾಯಿತು, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ’ ಅಂತ ಕೇಳಲಾಗದ ಹುಡುಗಿ ಹಿಸ್ಟರಿ ಭಾಗವನ್ನು ಹಳೇ ರೆಕಾರ್ಡಿನಿಂದ ಇಳಿಸುತ್ತಾಳೆ. ನಿಮ್ಮ ತೊಂದರೆ ಇದಕ್ಕೆ ತಿರುಗಾಮುರುಗಾ. ನೀವು ಅಜ್ಜಿಯ ಪಕ್ಕ ಕೂತು ಅರ್ಧ ಗಂಟೆ ಮಾತಾಡಬಲ್ಲಿರಿ. ಸೊಸೆ ಊಟ ಸರಿಯಾಗಿ ಕೊಡುವುದಿಲ್ಲ ಅನ್ನುವುದರ ತನಕ ನಿಮಗೆ ಗೊತ್ತಾಗುತ್ತದೆ. ಆದರೆ ಅದನ್ನು ಇಂಗ್ಲಿಷಿನಲ್ಲಿ ಇಪ್ಪತ್ತು ಪುಟ ಬರೆಯಲು ಹೆದರಿಕೆ. ಕಣ್ಣಾರೆ ಕಂಡದ್ದನ್ನು ಬಿಟ್ಟು ಸೀನಿಯರಿನ ಚಂದದ ಇಂಗ್ಲಿಷ್ ಇಳಿಸುತ್ತೀರಿ. ನೀವು ಬರೆದ ಆ ಎರಡು ಕೇಸ್ ಸ್ಟಡಿಗಳೂ ಹೀಗೇ ಆಗಿರಬೇಕು ಅಂತ ನನ್ನ ಊಹೆ.

ಇದಕ್ಕೆ ಪರಿಹಾರ ನಿಮ್ಮ ಹಾಸ್ಟೆಲ್ ರೂಮಿನಲ್ಲೇ ಇರಬಹುದು. ಕನ್ನಡ ಬಾರದ ಗೆಳತಿಯನ್ನು ಕರೆದುಕೊಂಡು ಅವಳ ರೋಗಿಯ ಹತ್ತಿರ ಹೋಗಿ. ಅವಳು ಕೇಳುವುದನ್ನು ಕನ್ನಡದಲ್ಲಿ ಕೇಳಿ, ಉತ್ತರವನ್ನು ಅವಳಿಗೆ ಹೇಳಿ. ಸಂಜೆ ಅವಳು ನಿಮ್ಮ ಇಂಗ್ಲಿಷ್ ವಾಕ್ಯಗಳನ್ನು ತಿದ್ದಿಕೊಡಲಿ. ಇದು ಕಾಪಿ ಅಲ್ಲ, ಒಬ್ಬರಿಗೊಬ್ಬರು ಕೊಡುವ ಸಹಾಯ. ರೋಗಿ ಅವಳದ್ದೇ, ನೋಡಿದ್ದೂ ಅವಳೇ. ನಿಮ್ಮ ಕೇಸಿನಲ್ಲಿ ನೋಡಿದ್ದು, ಬರೆದದ್ದು ನೀವೇ. ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ವಾರ್ಡಿನಲ್ಲಿ ನಿಂತಲ್ಲೇ ಕನ್ನಡದಲ್ಲಿ ಗುರುತು ಹಾಕಿಕೊಳ್ಳಿ. ರೋಗಿಯ ಹೆಸರು ಬೇಡ, ಬೆಡ್ ನಂಬರ್ ಸಾಕು. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ. ವ್ಯಾಕರಣ ತಪ್ಪಿದ್ದರೂ ನಿಜವಾದ ರೋಗಿ ಇರುವ ಕೇಸ್ ಸ್ಟಡಿ ಓದಿದ ತಕ್ಷಣ ಗೊತ್ತಾಗುತ್ತದೆ. ವೈವಾದಲ್ಲಿ ಕನ್ನಡ ಬೆರೆಸಿ ಹೇಳಿದರೂ ಕೇಳಿಸಿಕೊಳ್ಳುವ ಪರೀಕ್ಷಕರು ಬಹಳ ಇದ್ದಾರೆ. ಇಳಿಸಿದ ಕೇಸಿನ ಬಗ್ಗೆ ಎರಡನೇ ಪ್ರಶ್ನೆ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ.

ಚಾಟ್‌ಜಿಪಿಟಿ ಬಗ್ಗೆ ಎರಡು ಮಾತು. ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡ್ ಔಷಧಿ ಕೊಟ್ಟರೆ ಪೊಟ್ಯಾಸಿಯಂ ಯಾಕೆ ಇಳಿಯುತ್ತದೆ ಅಂತ ಕೇಳಿ ತಿಳಿದುಕೊಂಡು, ಪುಸ್ತಕದಲ್ಲಿ ಸರಿ ನೋಡಿಕೊಂಡರೆ ನನ್ನ ಅಭ್ಯಂತರ ಇಲ್ಲ. ಇಂಗ್ಲಿಷ್ ತಿದ್ದಿಸಿಕೊಳ್ಳಲು ನಿಮ್ಮ ಕಾಲೇಜು ಒಪ್ಪುವುದಾದರೆ ಅದೂ ಸರಿ. ಆದರೆ ಅದು ನಿಮ್ಮ ರೋಗಿಯನ್ನು ನೋಡಿಲ್ಲ. ಕೇರ್ ಪ್ಲಾನ್ ಬರೆದುಕೊಡು ಅಂದರೆ ಎಲ್ಲೂ ಇಲ್ಲದ ರೋಗಿಯೊಬ್ಬರನ್ನು ಸೃಷ್ಟಿಸಿ, ಅವರಿಗೆ ಒಪ್ಪವಾದ ಗುರಿಗಳನ್ನು ಬರೆದುಕೊಡುತ್ತದೆ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ರಿಪೋರ್ಟಿನ ಫೋಟೋ ಅದಕ್ಕೆ ಹಾಕಲೇಬಾರದು. ಅವರ ಗುಟ್ಟು ಹೊರಗೆ ಕೊಡುವ ಹಕ್ಕು ನಮಗಿಲ್ಲ.

ಎರಡನೇ ಕಾರಣ ರೋಗಿಗಳ ಕೊರತೆ. ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು ಅಂತ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ಇದೆ. ಎಷ್ಟೋ ಕಡೆ ಒಂದೇ ಆಸ್ಪತ್ರೆಗೆ ಹಲವು ಕಾಲೇಜುಗಳ ಮಕ್ಕಳು ಬರುತ್ತಾರೆ. ಒಂದು ಬೆಡ್ಡಿನ ಸುತ್ತ ಬಣ್ಣಬಣ್ಣದ ಯೂನಿಫಾರಂ. ಹೆರಿಗೆಯ ಲೆಕ್ಕ ಹಾಕಿ ನೋಡಿ. ಹಿಂದಿನ ಬಿ.ಎಸ್ಸಿ ಪಠ್ಯಕ್ರಮದಲ್ಲಿ ಒಬ್ಬೊಬ್ಬರೂ 20 ಸಹಜ ಹೆರಿಗೆ ಮಾಡಿಸಬೇಕಿತ್ತು. 60 ಮಕ್ಕಳ ಬ್ಯಾಚಿಗೆ ಅದು 1,200 ಹೆರಿಗೆ. ತಿಂಗಳಿಗೆ 50 ಸಹಜ ಹೆರಿಗೆ ಆಗುವ ಆಸ್ಪತ್ರೆಯಲ್ಲಿ ಅಷ್ಟು ಆಗಲು ಎರಡು ವರ್ಷ ಬೇಕು. ಅದೂ ಒಂದೂ ಬಿಡದೆ ಎಲ್ಲವನ್ನೂ ವಿದ್ಯಾರ್ಥಿಗಳಿಗೇ ಕೊಟ್ಟರೆ. ಪೋಸ್ಟಿಂಗ್ ಇರುವುದು ಕೆಲವು ವಾರ. ಆದರೂ ಕೊನೆಗೆ ಎಲ್ಲರ ಪುಸ್ತಕವೂ ತುಂಬಿರುತ್ತದೆ. ಒಂದೇ ಹೆರಿಗೆ ಆರು ಜನರ ಪುಸ್ತಕದಲ್ಲಿ ‘ನಾನೇ ಮಾಡಿಸಿದ್ದು’ ಅಂತ ಕೂತಿರುತ್ತದೆ. 2021ರಲ್ಲಿ ಬಂದ ಪರಿಷ್ಕೃತ ಪಠ್ಯಕ್ರಮ ಸೆಮಿಸ್ಟರ್ ಪದ್ಧತಿ ತಂದಿತು, ಸ್ಕಿಲ್ ಲ್ಯಾಬಿಗೆ ಹೆಚ್ಚು ಜಾಗ ಕೊಟ್ಟಿತು. ಬೊಂಬೆಯ ಮೇಲೆ ಕೈ ಪಳಗಿಸಿಕೊಂಡು ವಾರ್ಡಿಗೆ ಹೋಗುವುದು ಒಳ್ಳೆಯದೇ. ಆದರೆ ಸೀಟು ಏರಿಸಿ ಬೆಡ್ಡು ಏರಿಸದ ಕಡೆ ಯಾವ ಪಠ್ಯಕ್ರಮ ಬಂದರೂ ವಿದ್ಯಾರ್ಥಿಯ ಪೆನ್ನಿನ ಮೇಲೆ ಒತ್ತಡ ತಪ್ಪುವುದಿಲ್ಲ. ಆ ಸುಳ್ಳಿನ ಮೊದಲ ಸಾಲನ್ನು ಬರೆದದ್ದು ವಿದ್ಯಾರ್ಥಿಯಲ್ಲ, ಕಾಲೇಜು.

ಇದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಮಧ್ಯಪ್ರದೇಶ ಇದೆ. ಕಟ್ಟಡ, ಆಸ್ಪತ್ರೆ, ಶಿಕ್ಷಕರು ಸರಿಯಾಗಿ ಇಲ್ಲದ ನರ್ಸಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಟ್ಟ ಆರೋಪ ಅಲ್ಲಿನ ಹೈಕೋರ್ಟಿಗೆ ಹೋಯಿತು. ಕೋರ್ಟ್ ಸಿಬಿಐ ತನಿಖೆಗೆ ಹೇಳಿತು. 2024ರಲ್ಲಿ ಕಾಲೇಜುಗಳ ಪರ ವರದಿ ಬರೆಯಲು ಲಂಚ ತೆಗೆದುಕೊಂಡ ಆರೋಪದ ಮೇಲೆ ಸಿಬಿಐ ತನ್ನದೇ ಅಧಿಕಾರಿಗಳನ್ನು ಬಂಧಿಸಬೇಕಾಯಿತು. ಪರೀಕ್ಷೆಗಳು ನಿಂತು, ವರ್ಷಗಟ್ಟಲೆ ಕಾದು ಕೂತವರು ಬಡ ಮನೆಗಳ ಮಕ್ಕಳು.

ಮೂರನೆಯದು ಸಿಸ್ಟರ್‌ಗಳ ಕೆಲಸದ ಹೊರೆ. ‘ಸುಮ್ನೆ ಬರೆದುಬಿಡು’ ಅಂದ ಸಿಸ್ಟರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಅವರ ತಲೆಯಲ್ಲಿ ಇಂಜೆಕ್ಷನ್ ಇದೆ, ಓಟಿಗೆ ಕಳಿಸಬೇಕಾದ ಮಗು ಇದೆ, ತುಂಬಬೇಕಾದ ಹತ್ತು ರಿಜಿಸ್ಟರ್ ಇದೆ. ಅವರ ಜೊತೆ ವಾದ ಬೇಡ. ‘ಒಂದೇ ನಿಮಿಷ ಸಿಸ್ಟರ್, ಎಣಿಸಿ ಬರೀತೀನಿ’ ಅನ್ನಿ. ಹೀಗೆ ಹೇಳಿದ್ದಕ್ಕೆ ಬೈದ ಸಿಸ್ಟರನ್ನು ನಾನು ಕಂಡಿಲ್ಲ. ಒಮ್ಮೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಹೀಗೆ ನಿಂತು ಎಣಿಸಿ, ಹಿಂದಿನ ಅಂಕಿಗಿಂತ ತುಂಬಾ ಜಾಸ್ತಿ ಇದೆ ಅಂತ ಓಡಿ ಬಂದು ಹೇಳಿದಳು. ಮರುದಿನದಿಂದ ಆ ಇನ್‌ಚಾರ್ಜ್ ಸಿಸ್ಟರ್ ಅವಳನ್ನೇ ಕರೆದು ಕೆಲಸ ಹೇಳತೊಡಗಿದರು. ನಂಬಿಕೆ ಹಾಗೇ ಬರುತ್ತದೆ.

ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಕಲಿಸುವ ಒಂದು ಮಾತಿದೆ: ಬರೆಯದಿದ್ದರೆ ಮಾಡಿದ ಹಾಗಲ್ಲ. ಮಾತು ಸರಿ. ಆದರೆ ಇದನ್ನೇ ಹಗಲೂ ರಾತ್ರಿ ಕೇಳಿದ ಮಕ್ಕಳಿಗೆ ಖಾಲಿ ಜಾಗ ಬಿಟ್ಟರೆ ಬೈಗುಳ ಅನ್ನುವುದಷ್ಟೇ ತಲೆಯಲ್ಲಿ ಉಳಿಯುತ್ತದೆ. ಖಾಲಿ ಜಾಗಕ್ಕೆ ಹೆದರಿ ಸುಳ್ಳು ತುಂಬುತ್ತಾರೆ. ಮಾಡದೇ ಇದ್ದದ್ದನ್ನು ಹೇಗೆ ಬರೆಯಬೇಕು ಅಂತ ನಾವು ಕಲಿಸುವುದೇ ಇಲ್ಲ. ಅದಕ್ಕೂ ದಾರಿ ಇದೆ. ‘ಮಗು ಎಕ್ಸ್‌ರೇಗೆ ಹೋಗಿತ್ತು, 10 ಗಂಟೆಯ ವೈಟಲ್ಸ್ ನೋಡಲಾಗಲಿಲ್ಲ, 10.40ಕ್ಕೆ ನೋಡಿದ್ದು’ ಅಂತ ಬರೆಯಬಹುದು. ‘ತಾಯಿ ಒಪ್ಪಲಿಲ್ಲ, ಸಿಸ್ಟರಿಗೆ ತಿಳಿಸಿದೆ’ ಅಂತ ಬರೆಯಬಹುದು. ತಪ್ಪು ಬರೆದರೆ ವೈಟ್ನರ್ ಹಚ್ಚಬೇಡಿ, ಗೀಚಬೇಡಿ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಸಮಯ, ಸಹಿ. ಇದು ಕಾನೂನಿನ ಮುಂದೆಯೂ ನಿಲ್ಲುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ಒಳಗೆ ತಂದ ಮೇಲೆ ರೋಗಿಯ ಕಡೆಯವರು ಗ್ರಾಹಕ ಆಯೋಗದ ಮೆಟ್ಟಿಲೇರಬಹುದು. ಆಗ ನರ್ಸ್ ಬರೆದ ಪ್ರತಿ ಸಾಲನ್ನೂ ಓದುತ್ತಾರೆ. ಗಂಟೆಗೊಂದು ಬಿಪಿ ಎಲ್ಲವೂ 120/80 ಇದ್ದ ಚಾರ್ಟನ್ನು ಯಾರೂ ನಂಬುವುದಿಲ್ಲ. ಅದೇ ಪುಟದಲ್ಲಿರುವ ನಿಜವನ್ನೂ ನಂಬುವುದಿಲ್ಲ.

ಇನ್ನು ಮಾರ್ಕ್ಸ್. ಹೋಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಿಮ್ಮ ಕೇಸ್ ಸ್ಟಡಿ ಸೀನಿಯರಿನದಕ್ಕಿಂತ ಸಣ್ಣದಿರುತ್ತದೆ. ದಪ್ಪ ನೋಡಿ ಮಾರ್ಕ್ಸ್ ಹಾಕುವವರು ಇದ್ದರೆ ಒಂದೆರಡು ಕಡಿಮೆ ಬರಬಹುದು. ಆದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಎಕ್ಸ್‌ಟರ್ನಲ್ ಬರುತ್ತಾರೆ. ಅವರು ಕೇಳುವುದು ‘ಈ ರೋಗಿಗೆ ಇದನ್ನೇ ಯಾಕೆ ಮಾಡಿದಿರಿ’ ಅಂತ. ಅಲ್ಲಿ ನೀವು ಆ ಮಾರ್ಕ್ಸನ್ನು ವಾಪಸ್ ತರಬಹುದು. ಮೊದಲೇ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಮೇಡಂ ಹತ್ತಿರ ಹೋಗಿ, ‘ಮೇಡಂ, ಇಷ್ಟು ಪ್ರೊಸೀಜರ್ ಮಾಡಿದ್ದೇನೆ, ಇಷ್ಟು ಬಾಕಿ ಇದೆ, ಎಲ್ಲಿ ಸಿಗಬಹುದು’ ಅಂತ ಕೇಳಿ. ಯಾರ ಹೆಸರೂ ಹೇಳಬೇಡಿ, ದೂರೂ ಬೇಡ. ಬಾಕಿ ಇರುವುದನ್ನು ನೀವಾಗಿ ಕೇಳಿದರೆ ಪೋಸ್ಟಿಂಗ್ ಹೊಂದಿಸಿಕೊಡುವ ಹೊಣೆ ಅವರ ಮೇಲೆ ಬರುತ್ತದೆ. ಪದವಿ ಕೊಡುವ ಮೊದಲು ಪ್ರಾಕ್ಟಿಕಲ್ ಹಾಜರಿ 100% ಆಗಿರಬೇಕು ಅನ್ನುವ ಪರಿಷತ್ತಿನ ನಿಯಮವೂ ನಿಮ್ಮ ಪರವಾಗಿದೆ.

ನೀವು ಇಳಿಸಿ ಬರೆದ ಆ ಎರಡು ಕೇಸ್ ಸ್ಟಡಿಗಳನ್ನು ಹಾಗೇ ಬಿಡಬೇಡಿ. ಸಹಿ ಆಗಿಲ್ಲದಿದ್ದರೆ ತೆಗೆದುಬಿಡಿ, ಈಗಿನ ಪೋಸ್ಟಿಂಗಿನಲ್ಲಿ ಹೊಸ ರೋಗಿಗಳನ್ನು ನೋಡಿ ಬರೆಯಿರಿ. ಸಹಿ ಆಗಿದ್ದರೂ ಇಂಟರ್ನಲ್ಸ್ ಮುಗಿಯುವ ಮೊದಲೇ ಮೇಡಂ ಹತ್ತಿರ ಹೋಗಿ, ‘ಈ ಎರಡು ನಾನು ನೋಡಿದ ರೋಗಿಗಳದ್ದಲ್ಲ, ಬೇರೆ ಬರೆದುಕೊಡುತ್ತೇನೆ’ ಅನ್ನಿ. ಒಂದು ಸಲ ಮುಖ ಕೆಂಪಾಗುತ್ತದೆ. ನಾನು ಅವರ ಜಾಗದಲ್ಲಿದ್ದರೆ ಖಂಡಿತ ಒಪ್ಪಿಕೊಳ್ಳುತ್ತಿದ್ದೆ. ಕಾಲೇಜಿನ ರೆಕಾರ್ಡಿಗೆ ಹೀಗೆ ಸಮಯ ಇರುತ್ತದೆ. ರೋಗಿಯ ಚಾರ್ಟಿಗೆ ಇರುವುದಿಲ್ಲ. ಅಲ್ಲಿ ನೋಡದೆ ಬರೆದದ್ದು ನೆನಪಾದರೆ ಆ ಶಿಫ್ಟಿನಲ್ಲೇ, ಆ ಗಂಟೆಯಲ್ಲೇ ಹೋಗಿ ನೋಡಿ ಸರಿಪಡಿಸಬೇಕು.

ಗೆಳತಿಯರ ವಿಷಯದಲ್ಲೂ ಇದೇ ಅಳತೆ. ಕೇಸ್ ಸ್ಟಡಿ ಇಳಿಸುವವಳಿಗೆ ಒಂದು ಸಲ ನೇರವಾಗಿ ಹೇಳಿ, ನಿಮ್ಮದನ್ನು ಫೋಟೋ ತೆಗೆಯಲು ಕೊಡಬೇಡಿ, ಅಷ್ಟು ಸಾಕು. ರೋಗಿಯ ಚಾರ್ಟಿನಲ್ಲಿ ನೋಡದ ಅಂಕಿ ಬರೆದದ್ದನ್ನು ಕಂಡರೆ ಸುಮ್ಮನಿರಬೇಡಿ. ನೀವೇ ಹೋಗಿ ನೋಡಿ. ಇಲ್ಲವೇ ‘ಸಿಸ್ಟರ್, ಐದನೇ ಬೆಡ್ಡಿನ ಮಗುವಿನ ಉಸಿರು ಇನ್ನೊಮ್ಮೆ ನೋಡಬೇಕು ಅನ್ಸತ್ತೆ’ ಅನ್ನಿ. ಯಾರು ಬರೆದರು ಅಂತ ಹೇಳಬೇಕಿಲ್ಲ. ಮೊದಲು ಮಗು. ಒಬ್ಬಳೇ ಪದೇ ಪದೇ ಹಾಗೆ ಮಾಡುತ್ತಿದ್ದು, ಹೇಳಿದರೂ ಬಿಡದಿದ್ದರೆ, ಆಗ ಕ್ಲಿನಿಕಲ್ ಇನ್‌ಸ್ಟ್ರಕ್ಟರಿಗೆ ತಿಳಿಸಲೇಬೇಕು. ಅದಕ್ಕೆ ಚಾಡಿ ಅಂತ ಹೆಸರಿಡುವವರು ಇದ್ದೇ ಇರುತ್ತಾರೆ. ಇಡಲಿ.

ಹೆರಿಗೆ ವಾರ್ಡಿಗೆ ಈಗಿನಿಂದಲೇ ತಯಾರಿ ಮಾಡಿಕೊಳ್ಳಿ. ಹೆರಿಗೆ ಕಾಲೇಜಿನ ಟೈಮ್‌ಟೇಬಲ್ ನೋಡಿ ಆಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಹೋಗಿ ಮಧ್ಯಾಹ್ನ ಬಸ್ ಹತ್ತುವ ಬ್ಯಾಚಿಗೆ ಕಡಿಮೆ ಸಿಗುತ್ತದೆ, ರಾತ್ರಿ ಪಾಳಿಯವರಿಗೆ ಜಾಸ್ತಿ ಸಿಗುತ್ತದೆ. ಸಂಜೆ ಮತ್ತು ರಾತ್ರಿ ಪಾಳಿ ಕೊಡಿ, ಜೊತೆಗೆ ಒಬ್ಬ ಇನ್‌ಸ್ಟ್ರಕ್ಟರ್ ಇರಲಿ ಅಂತ ನಾಲ್ಕೈದು ಜನ ಸೇರಿ ಪ್ರಿನ್ಸಿಪಾಲರಿಗೆ ಬರೆದು ಕೊಡಿ. ರಜೆಯಲ್ಲಿ ನಿಮ್ಮ ಜಿಲ್ಲೆಯ ತಾಲೂಕು ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಮಾಡಲು ಕಾಲೇಜು ಪತ್ರ ಕೊಡುತ್ತದೆಯೇ ಅಂತಲೂ ಕೇಳಿ. ಅಲ್ಲಿ ಬರುವ ಹೆಂಗಸರ ಮಾತು ನಿಮ್ಮ ಮಾತು. ನೋವು ತಿನ್ನುತ್ತಿರುವ ತಾಯಿಗೆ ಅವಳದೇ ಮಾತಿನಲ್ಲಿ ಧೈರ್ಯ ಹೇಳುವ ಹುಡುಗಿಯನ್ನು ಲೇಬರ್ ರೂಮಿನ ಸಿಸ್ಟರ್‌ಗಳು ದೂರ ನಿಲ್ಲಿಸುವುದಿಲ್ಲ.

ಲಾಗ್ ಬುಕ್ಕಿನಲ್ಲಿ ನೋಡಿದ್ದು, ಸಹಾಯ ಮಾಡಿದ್ದು, ಸ್ವತಃ ಮಾಡಿದ್ದು ಅಂತ ಬೇರೆ ಬೇರೆ ಕಾಲಂ ಇದ್ದರೆ ಅದನ್ನು ಹಾಗೆಯೇ ಬಳಸಿ. ಇಲ್ಲದಿದ್ದರೆ ನೀವೇ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ನೋಡಿದ ಹೆರಿಗೆಗೂ ಬೆಲೆ ಇದೆ. ತಲೆ ಕಾಣಿಸಿದಾಗ ಸಿಸ್ಟರ್ ಕೈ ಎಲ್ಲಿಟ್ಟರು, ಮಾಸು ಬೀಳಲು ಎಷ್ಟು ಹೊತ್ತಾಯಿತು, ರಕ್ತ ಎಷ್ಟು ಹೋಯಿತು, ಆಮೇಲಿನ ಎರಡು ಗಂಟೆ ನಾಡಿ, ಬಿಪಿ ಹೇಗಿತ್ತು, ಇದನ್ನೆಲ್ಲ ಬರೆಯಿರಿ. ಪೋಸ್ಟಿಂಗ್ ಮುಗಿದಾಗ ‘ಸ್ವತಃ ಮಾಡಿದ್ದು’ ಕಾಲಂನಲ್ಲಿ ಏಳೇ ಇದ್ದರೆ ಏಳು ಅಂತಲೇ ಇರಲಿ. ಬಾಕಿ ಉಳಿದದ್ದಕ್ಕೆ ಮತ್ತೆ ಪೋಸ್ಟಿಂಗ್ ಕೇಳಿ. ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ ಇನ್ನೂ ಬಾಕಿ ಇದೆ, ಲೇಬರ್ ರೂಮ್ ಪಾಳಿ ಅಲ್ಲೂ ಕೇಳಬಹುದು.